ಜಲವರ್ಣದಲ್ಲಿ ಹೂ ಬಿಡಿಸುವುದು: ನೀರಿನ ಲೆಕ್ಕದಿಂದ ಶುರುಮಾಡಿ

ಜಲವರ್ಣ ಕಲಿಯಲು ಹೂವಿಗಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಮುಖ ಬಿಡಿಸುವಾಗ ಮೂಗು ಒಂದೆಳೆ ಆಚೀಚೆಯಾದರೂ ನೋಡಿದವರು ‘ಇದು ಯಾರು?’ ಎನ್ನುತ್ತಾರೆ. ಎಸಳು ಸ್ವಲ್ಪ ಸೊಟ್ಟಗಾದರೆ ಯಾರೂ ಕೇಳುವುದಿಲ್ಲ. ಗಿಡದಲ್ಲಿರುವ ಎಸಳುಗಳೂ ಸೊಟ್ಟಗೇ ಇರುತ್ತವೆ. ಆದರೂ ಹೊಸಬರು ಬಿಡಿಸಿದ ಹೂಗಳು ಕೆಡುತ್ತವೆ, ಅದೂ ಬಹುಪಾಲು ಒಂದೇ ಥರ. ಕೆಂಪು ಹೋಗಿ ಹಸಿರಿಗೆ ಸೇರಿ ರಾಡಿಯಾಗುತ್ತದೆ. ನಯವಾಗಿದ್ದ ಎಸಳಿನ ನಡುವೆ ಸುಕ್ಕು ಅಂಚಿನ ಕಲೆಯೊಂದು ಎದ್ದು ಕೂರುತ್ತದೆ. ಹಸಿಯಿದ್ದಾಗ ಕಣ್ಣು ಕುಕ್ಕುತ್ತಿದ್ದ ಬಣ್ಣ ಒಣಗಿದ ಮೇಲೆ ಸಪ್ಪೆಯಾಗುತ್ತದೆ. ಡ್ರಾಯಿಂಗ್ ಚೆನ್ನಾಗಿ ಬರುವವರಿಗೂ ಹೀಗೇ ಆಗುತ್ತದೆ, ಏಕೆಂದರೆ ಮೂರಕ್ಕೂ ಕಾರಣ ನೀರು. ಕಾಗದದ ಮೇಲೆ ಎಷ್ಟಿದೆ, ಕುಂಚದಲ್ಲಿ ಎಷ್ಟಿದೆ ಎಂಬ ಲೆಕ್ಕ ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಹೂವಿಗೆ ಬರುವ ಮುಂಚೆ ನೀರಿನ ಹತ್ತಿರ ಸ್ವಲ್ಪ ಹೆಚ್ಚೇ ಹೊತ್ತು ಕಳೆಯೋಣ.

ಕಾಗದ, ಕುಂಚ, ಬಣ್ಣ

ಖರ್ಚು ಮಾಡುವುದಿದ್ದರೆ ಮೊದಲು ಕಾಗದಕ್ಕೆ ಮಾಡಿ. ದುಬಾರಿ ಬಣ್ಣವನ್ನು ಅಗ್ಗದ ಕಾಗದದ ಮೇಲೆ ಹಚ್ಚುವುದಕ್ಕಿಂತ ಸಾಧಾರಣ ಬಣ್ಣವನ್ನು ಒಳ್ಳೆಯ ಕಾಗದದ ಮೇಲೆ ಹಚ್ಚುವುದು ಮೇಲು. ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾಗದ ತೆಗೆದುಕೊಳ್ಳಿ. ಕೆಲವು ಪ್ಯಾಡುಗಳ ಮೇಲೆ ಇದನ್ನೇ 140 ಪೌಂಡ್ ಎಂದು ಹಾಕಿರುತ್ತಾರೆ. ಇದಕ್ಕಿಂತ ತೆಳ್ಳಗಿನದು ಒದ್ದೆಯಾದೊಡನೆ ಉಬ್ಬಿಕೊಂಡು ತಗ್ಗುದಿಣ್ಣೆಯಾಗುತ್ತದೆ. ಬಣ್ಣವೆಲ್ಲ ತಗ್ಗಿಗೆ ಹೋಗಿ ನಿಲ್ಲುತ್ತದೆ.

ನೂರಕ್ಕೆ ನೂರು ಹತ್ತಿಯ ಕಾಗದಕ್ಕೂ ಮರದ ತಿರುಳಿನ ಕಾಗದಕ್ಕೂ ಇರುವ ವ್ಯತ್ಯಾಸ ಹೂವಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹತ್ತಿಯದು ನೀರನ್ನು ಒಳಗೆಳೆದುಕೊಂಡು ನಿಧಾನವಾಗಿ ಬಿಡುತ್ತದೆ. ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗಲು ಬೇಕಾದ ಸಮಯ ಅಲ್ಲಿ ಸಿಗುತ್ತದೆ. ತಿರುಳಿನ ಕಾಗದದಲ್ಲಿ ಬಣ್ಣ ಮೇಲೆಯೇ ಕುಳಿತು ಬೇಗ ಒಣಗಿ ಗಟ್ಟಿ ಅಂಚು ಬಿಡುತ್ತದೆ. ಕುಂಚದ ಹೊಡೆತ ಅಭ್ಯಾಸ ಮಾಡಲು ತಿರುಳಿನದು ಸಾಕು. ಹೂವಿಗೆ ಕುಳಿತಾಗ ಹತ್ತಿಯದನ್ನೇ ಇಟ್ಟುಕೊಳ್ಳಿ, ದೊಡ್ಡ ಹಾಳೆಯನ್ನು ಅಂಗೈಯಗಲದ ತುಂಡು ಮಾಡಿಕೊಂಡರೂ ಸರಿ. ಮೇಲ್ಮೈಯಲ್ಲಿ ಮೂರು ಬಗೆ: ನುಣುಪಾದ ಹಾಟ್ ಪ್ರೆಸ್, ಸಣ್ಣ ತರಿಯ ಕೋಲ್ಡ್ ಪ್ರೆಸ್, ಒರಟಾದ ರಫ್. ಎಳೆ ಎಳೆಯಾಗಿ ಗಿಡದ ವಿವರ ಬಿಡಿಸುವವರು ಹಾಟ್ ಪ್ರೆಸ್ ಇಷ್ಟಪಡುತ್ತಾರೆ, ಆದರೆ ಅದರ ಮೇಲೆ ನೀರು ಜಾರುತ್ತದೆ. ಮೊದಲಿಗೆ ಕೋಲ್ಡ್ ಪ್ರೆಸ್ ಸಾಕು.

ಕಾಗದವನ್ನು ತೇವದ ಜಾಗದಲ್ಲಿ ವರ್ಷಗಟ್ಟಲೆ ಇಡಬೇಡಿ. ನೀರು ಒಮ್ಮೆಲೇ ಇಂಗದಂತೆ ತಯಾರಿಸುವಾಗ ಅದಕ್ಕೆ ಜೆಲಟಿನ್ ಅಥವಾ ಅಂಥದ್ದೇ ಅಂಟಿನ ಲೇಪ ಕೊಟ್ಟಿರುತ್ತಾರೆ. ಆ ಲೇಪ ಹಾಳಾದರೆ ಬಣ್ಣ ಮುಟ್ಟಿಸಿದ ಕಡೆಯೆಲ್ಲ ಚುಕ್ಕೆ ಚುಕ್ಕೆಯಾಗಿ ಇಂಗುತ್ತದೆ, ಮತ್ತೆ ಅದನ್ನು ಸರಿಮಾಡಲಾಗದು.

ಕುಂಚ ಎರಡಿದ್ದರೆ ಶುರುಮಾಡಬಹುದು: ದುಂಡು ಕುಂಚ 8ನೇ ನಂಬರು, ಇನ್ನೊಂದು 4. ತೊಟ್ಟು, ಕೇಸರಗಳಿಗೆ ಉದ್ದ ಕೂದಲಿನ ಸಣ್ಣ ರಿಗ್ಗರ್ ಒಂದಿದ್ದರೆ ಅನುಕೂಲ. ಕೊಳ್ಳುವಾಗ ಕುಂಚವನ್ನು ನೀರಿನಲ್ಲಿ ಅದ್ದಿ ಒಮ್ಮೆ ಒದರಿ ನೋಡಿ. ಕೂದಲು ತಾನಾಗಿ ಕೂಡಿಕೊಂಡು ಚೂಪಾದರೆ ಅದು ಒಳ್ಳೆಯ ಕುಂಚ. ಸಿಂಥೆಟಿಕ್ ಆದರೂ ಅಡ್ಡಿಯಿಲ್ಲ. ಸಣ್ಣ ಹೂವಿಗೆ ಸಣ್ಣ ಕುಂಚ ಎಂದುಕೊಂಡು 2ನೇ ನಂಬರಿನಲ್ಲಿ ಎಸಳು ತುಂಬಲು ಹೋಗಬೇಡಿ. ಅದು ಹಿಡಿಯುವ ನೀರು ಸಾಲದೆ ಗೀಚು ಗೀಚಾಗುತ್ತದೆ. ದಪ್ಪ ಹೊಟ್ಟೆ, ಚೂಪು ಮೂಗು ಇರುವ 8ನೇ ನಂಬರು ಗೆರೆಯನ್ನೂ ಎಳೆಯುತ್ತದೆ, ಎಸಳನ್ನೂ ತುಂಬುತ್ತದೆ.

ಬಣ್ಣದ ಪೆಟ್ಟಿಗೆ ವಿಚಾರದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: 36 ಬಣ್ಣದ ಸೆಟ್ಟು ಹೊಸಬರಿಗೆ ಶತ್ರು. ಯಾವ ಹಸಿರು ಹಾಕಲಿ ಎಂದು ಹುಡುಕುವಷ್ಟರಲ್ಲಿ ಕಾಗದ ಒಣಗಿರುತ್ತದೆ. ಐದು ಸಾಕು: ಲೆಮನ್ ಹಳದಿ, ಕ್ವಿನಾಕ್ರಿಡೋನ್ ರೋಸ್, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ, ಬರ್ನ್ಟ್ ಸಿಯೆನ್ನಾ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ವರ್ಣದ್ರವ್ಯದ ಸಂಕೇತ ಇರುತ್ತದೆ. ಅಂಗಡಿಯಲ್ಲಿ ನೋಡಬೇಕಾದ್ದು ಅದನ್ನೇ. ರೋಸ್‌ಗೆ ಪಿ.ವಿ. 19, ಅಲ್ಟ್ರಾಮರೀನ್‌ಗೆ ಪಿ.ಬಿ. 29, ಥ್ಯಾಲೋ ನೀಲಿಗೆ ಪಿ.ಬಿ. 15, ಹಳದಿಗೆ ಪಿ.ವೈ. 175, ಸಿಯೆನ್ನಾಗೆ ಪಿ.ಬಿ.ಆರ್. 7. ಬಣ್ಣದ ಹೆಸರು ಕಂಪನಿಯಿಂದ ಕಂಪನಿಗೆ ಬದಲಾದರೂ ಸಂಕೇತ ಬದಲಾಗುವುದಿಲ್ಲ. ಒಂದೇ ಟ್ಯೂಬಿನಲ್ಲಿ ಮೂರು ಸಂಕೇತಗಳಿದ್ದರೆ ಅದು ಮೊದಲೇ ಬೆರೆಸಿಟ್ಟ ಬಣ್ಣ. ನೀವು ಇನ್ನೆರಡು ಸೇರಿಸಿದರೆ ಬೇಗ ಕೊಳೆಯಾಗುತ್ತದೆ. ಹೊಳೆಯುವ ಒಪೆರಾ ಪಿಂಕ್ ಹೂವಿಗೆಂದೇ ಹುಟ್ಟಿದಂತೆ ಕಂಡರೂ ಅದರ ಹೊಳಪು ಬೆಳಕಿಗೆ ಬಾಡುತ್ತದೆ. ಹಳೆಯ ಅಲಿಝರಿನ್ ಕ್ರಿಮ್ಸನ್, ಅಂದರೆ ಪಿ.ಆರ್. 83 ಕೂಡ ಹಾಗೆಯೇ. ಕಪ್ಪು ಟ್ಯೂಬನ್ನು ಸದ್ಯಕ್ಕೆ ತೆರೆಯಬೇಡಿ.

ಉಳಿದಂತೆ ಬಿಳಿ ಪ್ಯಾಲೆಟ್ ಅಥವಾ ಪಿಂಗಾಣಿ ತಟ್ಟೆ, ಎರಡು ಲೋಟ ನೀರು (ಒಂದು ತೊಳೆಯಲು, ಒಂದು ಶುದ್ಧ), ಹಳೆಯ ಹತ್ತಿ ಬಟ್ಟೆ, ಟಿಶ್ಯೂ, ಎಚ್‌ಬಿ ಪೆನ್ಸಿಲ್, ಮೆತ್ತನೆಯ ರಬ್ಬರು, ಕಾಗದವನ್ನು ಹಲಗೆಗೆ ಅಂಟಿಸಲು ಮಾಸ್ಕಿಂಗ್ ಟೇಪ್.

ಹೊಳಪು ನೋಡಿ ನೀರು ಅಳೆಯುವುದು

ಕಾಗದದ ತುಂಡೊಂದಕ್ಕೆ ಶುದ್ಧ ನೀರು ಹಚ್ಚಿ, ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿನ ಕಡೆಗೆ ಓರೆಯಾಗಿ ಹಿಡಿಯಿರಿ. ನೋಡುತ್ತಿದ್ದಂತೆ ಅದು ಹಂತ ಹಂತವಾಗಿ ಬದಲಾಗುತ್ತದೆ.

ಮೊದಲು ನೀರು ನಿಂತಿರುತ್ತದೆ. ಕಾಗದದ ತರಿ ಕಾಣುವುದಿಲ್ಲ. ಈಗ ಬಣ್ಣ ಮುಟ್ಟಿಸಿದರೆ ಅದು ಎತ್ತಲೋ ತೇಲಿಹೋಗುತ್ತದೆ. ಹೆಚ್ಚಿನ ನೀರನ್ನು ಒರೆಸಿದ ಕುಂಚದಿಂದ ಹೀರಿ ತೆಗೆಯಿರಿ, ಇಲ್ಲವೇ ಕಾಯಿರಿ. ಸ್ವಲ್ಪ ಹೊತ್ತಿಗೆ ಹೊಳಪು ಇದ್ದಂತೆಯೇ ತರಿ ಕಾಣತೊಡಗುತ್ತದೆ. ಎಸಳಿನೊಳಗೆ ಬಣ್ಣ ಕರಗಿಸಲು ಇದೇ ಸರಿಯಾದ ಹೊತ್ತು. ಬಣ್ಣ ಮೃದುವಾಗಿ ಹರಡಿ ತಾನಾಗಿ ನಿಲ್ಲುತ್ತದೆ. ಆಮೇಲೆ ಹೊಳಪು ಮಂಕಾಗುತ್ತದೆ. ಈಗ ದಪ್ಪ ಬಣ್ಣವನ್ನು ಮಾತ್ರ ಮುಟ್ಟಿಸಬಹುದು. ಅದು ಹೆಚ್ಚು ಓಡದೆ, ಅಂಚು ಮೆತ್ತಗಾಗಿ ಉಳಿಯುತ್ತದೆ. ಹೂವಿನ ಗಂಟಲಿನ ಕಡುಬಣ್ಣಕ್ಕೆ ಈ ಗಳಿಗೆಯೇ ಬೇಕು. ಕೊನೆಗೆ ಹೊಳಪು ಪೂರ್ತಿ ಹೋಗಿರುತ್ತದೆ, ಕಣ್ಣಿಗೆ ಒಣಗಿದಂತೆ ಕಾಣುತ್ತದೆ, ಆದರೆ ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಹೆಚ್ಚಿನ ಹೂಗಳು ಹಾಳಾಗುವುದು ಈ ಹಂತದಲ್ಲಿ. ಒಣಗಿತೆಂದು ಭಾವಿಸಿ ಮತ್ತೆ ಕುಂಚ ಆಡಿಸುತ್ತೇವೆ, ಕೆಳಗಿನ ಪದರ ಕದಡಿಹೋಗುತ್ತದೆ. ತಣ್ಣಗಿರುವಾಗ ಕೈ ಕಟ್ಟಿ ಕೂರಬೇಕು, ಅಷ್ಟೇ.

ಆ ಸುಕ್ಕು ಅಂಚಿನ ಕಲೆ ಹೇಗೆ ಬೀಳುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಮಂಕಾಗುತ್ತಿರುವ ಕಾಗದಕ್ಕೆ ನೀರು ತುಂಬಿದ ಕುಂಚ ತಾಗಿದಾಗ ಹೊಸ ನೀರು ಸುತ್ತ ಹರಡುತ್ತಾ ಅರೆಬರೆ ಕುಳಿತ ಬಣ್ಣದ ಕಣಗಳನ್ನು ಎದುರಿಗೆ ತಳ್ಳಿಕೊಂಡು ಹೋಗುತ್ತದೆ, ತಾನು ನಿಂತಲ್ಲಿ ಅವನ್ನು ಗೆರೆಯಾಗಿ ಬಿಡುತ್ತದೆ. ಹಾಗಾಗಿ ನಿಯಮ ಒಂದೇ: ಒದ್ದೆ ಬಣ್ಣಕ್ಕೆ ಎರಡನೇ ಸಲ ಕುಂಚ ಮುಟ್ಟಿಸುವಾಗ ಕುಂಚದಲ್ಲಿನ ನೀರು ಕಾಗದದ ಮೇಲಿನ ನೀರಿಗಿಂತ ಕಡಿಮೆ ಇರಬೇಕು. ಕಡಿಮೆ ಮಾಡಲು ಕುಂಚದ ತುದಿಯನ್ನು ಒರೆಸಬೇಡಿ, ತುದಿಯ ಬಣ್ಣವೇ ಹೋಗಿಬಿಡುತ್ತದೆ. ಕೂದಲು ಲೋಹದ ಪಟ್ಟಿಗೆ ಸೇರುವ ಬುಡವನ್ನು ಬಟ್ಟೆಗೆ ತಾಗಿಸಿ. ನೀರು ಬಟ್ಟೆಗೆ ಹೋಗುತ್ತದೆ, ಬಣ್ಣ ತುದಿಯಲ್ಲೇ ಉಳಿಯುತ್ತದೆ.

ಬಣ್ಣದ ದಪ್ಪವನ್ನು ಪ್ಯಾಲೆಟ್ ವಾಲಿಸಿ ತಿಳಿಯಿರಿ. ವಾಲಿಸಿದ ಕೂಡಲೇ ಓಡಿದರೆ ತಿಳಿ. ಎಸಳಿನ ಮೊದಲ ಪದರಕ್ಕೆ ಸರಿ. ತಡೆದು ತಡೆದು ಜಾರಿದರೆ ಮಧ್ಯಮ, ನೆರಳಿಗೆ, ಎಲೆಗೆ. ಅಲುಗದೆ ಕೂತರೆ ದಪ್ಪ. ಅದನ್ನು ಕೊನೆಯ ಒಂದೆರಡು ಚುಕ್ಕೆಗಳಿಗೆ ಮೀಸಲಿಡಿ.

ಇಲ್ಲೊಂದು ಅಭ್ಯಾಸ ತಪ್ಪದೆ ಮಾಡಿ. ನಾಲ್ಕು ಚೌಕಗಳಿಗೆ ಒಂದೇ ತಿಳಿ ರೋಸ್ ಬಳಿಯಿರಿ. ಮೊದಲನೆಯದಕ್ಕೆ ತಕ್ಷಣ, ಎರಡನೆಯದಕ್ಕೆ ತರಿ ಕಂಡಾಗ, ಮೂರನೆಯದಕ್ಕೆ ಮಂಕಾದಾಗ, ನಾಲ್ಕನೆಯದಕ್ಕೆ ಪೂರ್ತಿ ಒಣಗಿದ ಮೇಲೆ ಅಲ್ಟ್ರಾಮರೀನ್‌ನ ಒಂದೊಂದು ಚುಕ್ಕೆ ಇಡಿ. ಪ್ರತಿಯೊಂದರ ಕೆಳಗೆ ಯಾವ ಹಂತವೆಂದು ಬರೆದು, ಕೂರುವ ಜಾಗದ ಎದುರಿಗೆ ಅಂಟಿಸಿಕೊಳ್ಳಿ. ಮಳೆಯ ದಿನ ಈ ಹಂತಗಳು ನಿಧಾನ, ಫ್ಯಾನಿನ ಕೆಳಗೆ ಬೇಗ. ಗಡಿಯಾರ ನೋಡುವುದರಿಂದ ಪ್ರಯೋಜನವಿಲ್ಲ, ಹೊಳಪನ್ನೇ ನೋಡಬೇಕು.

ಎಸಳಿನ ಹೊಡೆತ

ಕುಂಚವನ್ನು ಪೆನ್ನಿನಂತೆ ತುದಿಯಲ್ಲಿ ಬಿಗಿಯಾಗಿ ಹಿಡಿಯದೆ ಸ್ವಲ್ಪ ಹಿಂದಕ್ಕೆ ಸಡಿಲವಾಗಿ ಹಿಡಿಯಿರಿ. ತುದಿ ತಾಗಿಸಿ, ಎಳೆಯುತ್ತಾ ಹೊಟ್ಟೆಯವರೆಗೆ ಒತ್ತಿ, ಮತ್ತೆ ಎತ್ತುತ್ತಾ ತುದಿಗೆ ಬನ್ನಿ. ತೆಳು, ಅಗಲ, ತೆಳು: ಒಂದೇ ಉಸಿರಿನಲ್ಲಿ ಒಂದು ಎಲೆ ಅಥವಾ ಕಿರಿದಾದ ಎಸಳು ತಯಾರು. ಇಂಥ ಎರಡು ಹೊಡೆತಗಳನ್ನು ಬುಡದಲ್ಲಿ ಕೂಡಿಸಿ ನಡುವೆ ಒಂದು ಕೂದಲೆಳೆ ಬಿಳಿ ಬಿಟ್ಟರೆ ಅಗಲವಾದ ಎಸಳಾಗುತ್ತದೆ, ಆ ಬಿಳಿ ಗೆರೆಯೇ ಅದರ ಮಡಿಕೆ. ಒತ್ತಿ ಅಲ್ಲೇ ಸ್ವಲ್ಪ ತಿರುಗಿಸಿದರೆ ಮೊಗ್ಗು.

ಒಂದು ಹಾಳೆ ತುಂಬ ಇದನ್ನೇ ಮಾಡಿ, ಹೂ ಮಾಡಲು ಹೋಗಬೇಡಿ. ಎಡಕ್ಕೆ, ಬಲಕ್ಕೆ, ನಿಮ್ಮ ಕಡೆಗೆ, ಆಚೆಗೆ ಎಳೆದು ನೋಡಿ. ಯಾವುದೋ ಒಂದು ದಿಕ್ಕು ಪ್ರತಿಯೊಬ್ಬರಿಗೂ ಕಷ್ಟ; ಆಗ ಕೈ ತಿರುಚುವ ಬದಲು ಹಲಗೆ ತಿರುಗಿಸಿ. ಒಮ್ಮೆ ಹೊಡೆದ ಹೊಡೆತವನ್ನು ಮತ್ತೆ ತಿದ್ದಬೇಡಿ. ಸೊಟ್ಟಗಾದರೂ ಒಂದೇ ಬೀಸಿಗೆ ಬಂದ ಎಸಳು, ಮೂರು ಸಲ ತೀಡಿದ ಎಸಳಿಗಿಂತ ಜೀವಂತವಾಗಿ ಕಾಣುತ್ತದೆ.

ಬೆರೆಸುವುದು

ರೋಸ್‌ಗೆ ಚೂರು ಹಳದಿ ಸೇರಿಸಿದರೆ ಹವಳಗೆಂಪು, ಇನ್ನಷ್ಟು ಸೇರಿಸಿದರೆ ಕಿತ್ತಳೆ. ರೋಸ್‌ ಮತ್ತು ಅಲ್ಟ್ರಾಮರೀನ್ ಸೇರಿದರೆ ಶುಭ್ರ ನೇರಳೆ. ಥ್ಯಾಲೋ ನೀಲಿಯೂ ಲೆಮನ್ ಹಳದಿಯೂ ಸೇರಿದರೆ ಚುಚ್ಚುವಷ್ಟು ಹಸಿರು. ಗಿಡದಲ್ಲಿ ಅಂಥ ಹಸಿರು ಅಪರೂಪ, ಆದ್ದರಿಂದ ಅದಕ್ಕೆ ಒಂದು ಚುಕ್ಕೆ ಸಿಯೆನ್ನಾ ಅಥವಾ ರೋಸ್ ಹಾಕಿ ತಗ್ಗಿಸಿ. ಅಲ್ಟ್ರಾಮರೀನ್‌ನಿಂದ ಮಾಡಿದ ಹಸಿರು ಮೊದಲೇ ಸೌಮ್ಯ. ಅಲ್ಟ್ರಾಮರೀನ್‌ಗೆ ಸಿಯೆನ್ನಾ ಸೇರಿಸಿದರೆ ಬೂದು. ದಪ್ಪವಾಗಿ ಬೆರೆಸಿದರೆ ಬಹುತೇಕ ಕಪ್ಪು. ಕಪ್ಪು ಟ್ಯೂಬು ಬೇಡವೆಂದದ್ದು ಇದಕ್ಕೇ.

ಥ್ಯಾಲೋ ನೀಲಿಯ ಬಗ್ಗೆ ಒಂದು ಎಚ್ಚರ: ಅದರ ಶಕ್ತಿ ತುಂಬಾ. ಹಳದಿಯ ಕಡೆಗೆ ನೀಲಿಯನ್ನು ಕಣದಷ್ಟೇ ತಂದು ಸೇರಿಸಬೇಕು, ನೀಲಿಯೊಳಕ್ಕೆ ಹಳದಿ ಸುರಿಯಲು ಹೋದರೆ ಇಡೀ ಟ್ಯೂಬು ಮುಗಿಯುತ್ತದೆ. ಜೊತೆಗೆ ಅದು ಕಾಗದದ ಎಳೆಗೆ ಹಿಡಿದುಕೊಳ್ಳುವುದರಿಂದ ಮತ್ತೆ ತೊಳೆದು ತೆಗೆಯುವುದು ಕಷ್ಟ. ಅಲ್ಟ್ರಾಮರೀನ್ ಕಾಗದದ ಮೇಲೆ ಸಣ್ಣ ಕಣಕಣವಾಗಿ ಕೂರುತ್ತದೆ, ಒದ್ದೆ ಕುಂಚಕ್ಕೆ ಸುಲಭವಾಗಿ ಏಳುತ್ತದೆ.

ಕೆಂಪೂ ಹಸಿರೂ ಸಮಸಮ ಬೆರೆತರೆ ಕಂದು ರಾಡಿ. ಹೂವಿಗೂ ಎಲೆಗೂ ನಡುವೆ ಅದು ಆಗುವುದು ಸಹಜ, ಎರಡೂ ಅಕ್ಕಪಕ್ಕದವು, ಎರಡೂ ಒದ್ದೆ. ಬೇಡವೆಂದರೆ ಎರಡರ ಮಧ್ಯೆ ಒಣ ಬಿಳಿ ಗೆರೆ ಬಿಡಿ, ಇಲ್ಲವೇ ಒಂದು ಪೂರ್ತಿ ಒಣಗಲಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಹಸಿಯಿರುವಾಗ ‘ಸ್ವಲ್ಪ ಜಾಸ್ತಿಯಾಯಿತೇನೋ’ ಎನಿಸುವ ಬಣ್ಣವೇ ಒಣಗಿದ ಮೇಲೆ ಸರಿಯಾಗಿರುತ್ತದೆ.

ಹೂವನ್ನು ನೋಡುವುದು

ಫೋಟೊಗಿಂತ ಎದುರಿಗಿರುವ ಹೂ ಲೇಸು. ತಿರುಗಿಸಿ ನೋಡಬಹುದು, ಎಸಳು ಎಲ್ಲಿಂದ ಹುಟ್ಟುತ್ತದೆ ಎಂದು ಹಿಂಬದಿಯಿಂದ ಪರೀಕ್ಷಿಸಬಹುದು. ತೊಂದರೆ ಒಂದೇ, ಹೂ ಕಾಯುವುದಿಲ್ಲ. ನೀವು ಬಿಡಿಸುತ್ತಿರುವಾಗಲೇ ಅರಳುತ್ತದೆ ಅಥವಾ ಬಾಡುತ್ತದೆ. ಮೊದಲು ಹೂ, ಆಮೇಲೆ ಎಲೆ ಎಂಬ ಕ್ರಮ ಇಟ್ಟುಕೊಳ್ಳಿ. ಹೂ ಕುಂಡದಲ್ಲಿದ್ದರೆ ಮೇಲಿಂದ ನೋಡುವ ಬದಲು ಅದರ ಮಟ್ಟಕ್ಕೆ ಕೂರಿ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1503ರಲ್ಲಿ ಜಲವರ್ಣದಲ್ಲಿ ಬಿಡಿಸಿದ ಹುಲ್ಲುಗರಿಕೆಯ ಚಿತ್ರ ವಿಯೆನ್ನಾದ ಆಲ್ಬರ್ಟಿನಾ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕಣ್ಣು ನೆಲದ ಮಟ್ಟಕ್ಕೆ ಇಳಿದಿದೆ, ಮುಚ್ಚಿಕೊಂಡ ಡ್ಯಾಂಡೆಲಿಯನ್ ಹೂಗಳು ತಲೆಯೆತ್ತಿ ನಿಂತಿವೆ. ದಾರಿಹೋಕನಿಗೆ ಕಾಲಡಿಯ ಕಳೆಯಾಗಿ ಕಾಣುವುದು ಅಲ್ಲಿ ಕಾಡಾಗಿ ಕಾಣುತ್ತದೆ.

ಮೂರು ಪ್ರಶ್ನೆ ಕೇಳಿಕೊಳ್ಳಿ. ಎಸಳೆಷ್ಟು? ಹೂವಿನ ಒಟ್ಟು ಆಕಾರ ತಟ್ಟೆಯೋ, ಬಟ್ಟಲೋ, ಗಂಟೆಯೋ? ನಡುಭಾಗ ಎಲ್ಲಿದೆ? ನೇರ ಎದುರಿನ ಹೂ ವೃತ್ತ. ಸ್ವಲ್ಪ ಓರೆಯಾದರೆ ಅಂಡಾಕಾರ. ಆಗ ಪಕ್ಕದ ಎಸಳುಗಳು ಪೂರ್ತಿ ಉದ್ದವಿರುತ್ತವೆ, ನಮ್ಮ ಕಡೆಗೆ ಬಾಗಿದವು ಗಿಡ್ಡವಾಗಿ ಕಾಣುತ್ತವೆ. ಎಲ್ಲ ಎಸಳನ್ನೂ ಒಂದೇ ಉದ್ದಕ್ಕೆ ಬಿಡಿಸುವುದರಿಂದಲೇ ಹೂ ಕಾಗದದಲ್ಲಿ ಕತ್ತರಿಸಿಟ್ಟ ಹಾಗೆ ಚಪ್ಪಟೆಯಾಗುತ್ತದೆ. ಇನ್ನೊಂದು ಪರೀಕ್ಷೆ: ತೊಟ್ಟಿನ ಗೆರೆಯನ್ನು ಹೂವಿನೊಳಕ್ಕೆ ಮನಸ್ಸಿನಲ್ಲೇ ಮುಂದುವರಿಸಿ. ಅದು ನಡುಭಾಗಕ್ಕೆ ಹೋಗಿ ಸೇರದಿದ್ದರೆ ಹೂ ತೊಟ್ಟಿನಿಂದ ಕಳಚಿಬಿದ್ದಂತೆ ತೋರುತ್ತದೆ.

ಮೊದಲ ಹೂ: ಪೆನ್ಸಿಲ್ ಇಲ್ಲದೆ

ಯಾವ ಜಾತಿಯೆಂದು ಹೆಸರಿಡದ ಐದೆಸಳಿನ ಹೂ. ನಡುವೆ ಕಡಲೆಯಷ್ಟು ಜಾಗ ಖಾಲಿ ಬಿಡಿ. ಓಡುವಷ್ಟು ತಿಳಿಯಾದ ರೋಸ್‌ನಿಂದ, ಹೊರಗಿನಿಂದ ಒಳಕ್ಕೆ ಎರಡೆರಡು ಹೊಡೆತದಲ್ಲಿ ಒಂದು ಎಸಳು ಹಾಕಿ. ಅದು ಹೊಳೆಯುತ್ತಿರುವಾಗಲೇ ದಪ್ಪ ರೋಸ್‌ನ ತುದಿಯನ್ನು ಬುಡಕ್ಕೆ ಮುಟ್ಟಿಸಿ ಬಿಟ್ಟುಬಿಡಿ. ಬಣ್ಣ ತಾನಾಗಿ ಮೇಲೇರಿ ಅಂಚಿನ ಕಡೆಗೆ ತಿಳಿಯಾಗುತ್ತದೆ. ಕುಂಚದಿಂದ ಅದನ್ನು ಹರಡಲು ಹೋಗಬೇಡಿ, ನೀರಿಗೆ ಗೊತ್ತು.

ಮುಂದಿನ ಎಸಳು ಇದಕ್ಕೆ ಒಂದು ಕಡೆ ತಾಗಲಿ, ಇನ್ನೊಂದು ಕಡೆ ಕೂದಲೆಳೆ ಬಿಳಿ ಉಳಿಯಲಿ. ತಾಗಿದಲ್ಲಿ ಎರಡೂ ಬೆರೆಯುತ್ತವೆ, ಬಿಳಿ ಉಳಿದಲ್ಲಿ ಎಸಳು ಬೇರೆಯಾಗಿ ಕಾಣುತ್ತದೆ. ಇವೆರಡರ ಮಿಶ್ರಣದಿಂದಲೇ ಹೂ ಹೂವಾಗುತ್ತದೆ. ಐದೂ ಮುಗಿದು ಪೂರ್ತಿ ಒಣಗಿದ ಮೇಲೆ ನಡುವೆ ಹಳದಿ, ಅದು ಹಸಿಯಿರುವಾಗ ಒಂದು ಬದಿಗೆ ಸಿಯೆನ್ನಾ. ಸುತ್ತ ನಾಲ್ಕಾರು ಕೇಸರದ ಚುಕ್ಕೆ. ಎಣಿಸಿ ವೃತ್ತದಲ್ಲಿ ಜೋಡಿಸಬೇಡಿ, ಒಂದೆಡೆ ಮೂರು, ಇನ್ನೊಂದೆಡೆ ಒಂದು ಇರಲಿ.

ಈ ಸಡಿಲ ಶೈಲಿ ಬರೀ ಹೊಸಬರ ಮೆಟ್ಟಿಲಲ್ಲ. ಜರ್ಮನಿಯ ಎಮಿಲ್ ನೋಲ್ಡೆ (1867–1956) ಹೀರುವ ಜಪಾನಿ ಕಾಗದದ ಮೇಲೆ ಒದ್ದೆ ಬಣ್ಣ ಹರಿಯಬಿಟ್ಟು ಬಿಡಿಸಿದ ಗಸಗಸೆ ಹೂಗಳು ಹೀಗೇ ಇವೆ. ಇನ್ನೊಂದು ತುದಿಯಲ್ಲಿ ಪಿಯೆರ್-ಜೋಸೆಫ್ ರೆದೂತೆ (1759–1840). ಗುಲಾಬಿಯ ಒಂದೊಂದು ಮುಳ್ಳನ್ನೂ ಸಸ್ಯಶಾಸ್ತ್ರಕ್ಕೆ ಒಪ್ಪುವಂತೆ ಬಿಡಿಸಿದವನು. ಎರಡೂ ಜಲವರ್ಣವೇ, ಹೊಸಬರು ಯಾವ ಕಡೆ ವಾಲಿದರೂ ತಪ್ಪಿಲ್ಲ.

ದಾಸವಾಳ, ಹಂತ ಹಂತವಾಗಿ

ಎಸಳು ದೊಡ್ಡದು, ಐದೇ ಐದು, ನಡುವೆ ಚಾಚಿದ ಕೇಸರದ ಕೋಲು. ವಿವರವಾಗಿ ಬಿಡಿಸಲು ಇದಕ್ಕಿಂತ ಸಹಕಾರಿ ಹೂವಿಲ್ಲ. ಸಾಮಾನ್ಯವಾಗಿ ಒಂದೇ ದಿನದ ಹೂ, ಹಾಗಾಗಿ ಬೆಳಿಗ್ಗೆಯೇ ಕೂರಿ. ಒಂಟಿ ಸುತ್ತಿನ ಕೆಂಪು ದಾಸವಾಳ ಆರಿಸಿಕೊಳ್ಳಿ.

1. ಅಂಡಾಕಾರವೊಂದನ್ನು ಹಗುರವಾಗಿ ಎಳೆದು ಗಂಟಲಿನ ಜಾಗ ಗುರುತಿಸಿ. ಐದು ಎಸಳನ್ನೂ ಅಲ್ಲಿಂದ ಹೊರಡಿಸಿ. ಹತ್ತಿರದಿಂದ ನೋಡಿ: ಪ್ರತಿ ಎಸಳೂ ಒಂದು ಬದಿಯಲ್ಲಿ ಪಕ್ಕದ್ದರ ಮೇಲೆ ಕೂತಿರುತ್ತದೆ, ಇನ್ನೊಂದು ಬದಿಯಲ್ಲಿ ಪಕ್ಕದ್ದರ ಕೆಳಗೆ ನುಸುಳಿರುತ್ತದೆ, ಇಡೀ ಹೂ ಒಂದೇ ದಿಕ್ಕಿಗೆ ಸುತ್ತಿಕೊಂಡಂತೆ. ಈ ಸುತ್ತು ಬಂದರೆ ದಾಸವಾಳವೆಂದು ಯಾರಾದರೂ ಹೇಳುತ್ತಾರೆ. ಕೋಲನ್ನು ಜೋಡಿ ಗೆರೆಯಲ್ಲಿ ಬಿಡಿಸಿ. ಗೆರೆಗಳನ್ನು ಮೆತ್ತನೆಯ ರಬ್ಬರಿನಿಂದ ಒತ್ತಿ ಒತ್ತಿ ಕಂಡೂ ಕಾಣದಷ್ಟು ಮಾಡಿ, ಏಕೆಂದರೆ ಬಣ್ಣ ಹಚ್ಚಿದ ಮೇಲೆ ಪೆನ್ಸಿಲ್ ಅಳಿಸುವುದು ಕಷ್ಟ.

2. ಮೂರು ಗುಳಿ ಬಣ್ಣ ಮೊದಲೇ ಬೆರೆಸಿಡಿ: ರೋಸ್‌ಗೆ ಸ್ವಲ್ಪ ಹಳದಿ ಸೇರಿದ ತಿಳಿ ಕೆಂಪು, ಅದೇ ಕೆಂಪು ಮಧ್ಯಮ ದಪ್ಪದಲ್ಲಿ, ರೋಸ್‌ಗೆ ಚೂರು ಅಲ್ಟ್ರಾಮರೀನ್ ಸೇರಿದ ಕಡುಗೆಂಪು. ಎಸಳು ಒದ್ದೆಯಾದ ಮೇಲೆ ಬೆರೆಸಲು ಹೊತ್ತಿರುವುದಿಲ್ಲ.

3. ಎಸಳುಗಳಿಗೆ ಒಂದರಿಂದ ಐದರವರೆಗೆ ಅಂಕಿ ಕೊಟ್ಟುಕೊಂಡು ಮೊದಲು 1 ಮತ್ತು 3, ಅವು ಒಣಗಿದ ಮೇಲೆ 2 ಮತ್ತು 4, ಕೊನೆಗೆ 5 ಬಿಡಿಸಿ. ಒದ್ದೆ ಎಸಳುಗಳೆರಡು ಎಂದೂ ಅಕ್ಕಪಕ್ಕ ಬರುವುದಿಲ್ಲ.

4. ಒಂದು ಎಸಳಿಗೆ ಶುದ್ಧ ನೀರು ಹಚ್ಚಿ, ತರಿ ಕಾಣುವವರೆಗೆ ಕಾಯಿರಿ. ಅಂಚಿನಿಂದ ತಿಳಿ ಕೆಂಪು, ಗಂಟಲಿನ ಕಡೆಯಿಂದ ಮಧ್ಯಮ ಕೆಂಪು ಇಡಿ. ಬೆಳಕು ಬೀಳುವ ಕಡೆ ಒಂದು ಪಟ್ಟಿ ಬಹುತೇಕ ಬಿಳಿಯಾಗೇ ಇರಲಿ. ಹೊಳಪು ಮಂಕಾದಾಗ ಕಡುಗೆಂಪನ್ನು ಗಂಟಲಿಗೆ ಮುಟ್ಟಿಸಿ. ಹಲಗೆಯನ್ನು ವಾಲಿಸಿದರೆ ಬಣ್ಣ ನೀವು ಹೇಳಿದ ಕಡೆ ಹರಿಯುತ್ತದೆ. ಕೇಸರದ ಕೋಲಿನ ಜಾಗಕ್ಕೆ ನೀರನ್ನೂ ಹಚ್ಚಬೇಡಿ. ನೀರಿಲ್ಲದ ಕಡೆಗೆ ಬಣ್ಣ ಹೋಗುವುದಿಲ್ಲ. ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಮೊದಲೇ ಹಚ್ಚಿ, ಆಮೇಲೆ ಕಿತ್ತು ತೆಗೆಯುವ ಅಂಟುದ್ರವ) ಬಳಸಿಯೂ ಕೋಲನ್ನು ಕಾಪಾಡಬಹುದು, ಆದರೆ ಅದು ಬಿಡುವ ಗಟ್ಟಿ ಅಂಚು ನನಗಂತೂ ಹಿಡಿಸುವುದಿಲ್ಲ. ಬಳಸುವುದಾದರೆ ಹಳೆಯ ಕುಂಚವನ್ನೇ ಬಳಸಿ, ಕೂದಲು ಅಂಟಿ ಹಾಳಾಗುತ್ತದೆ.

5. ಎಲ್ಲ ಎಸಳೂ ಬೆರಳಿಗೆ ತಣ್ಣಗೆನಿಸದಷ್ಟು ಒಣಗಲಿ. ಈಗ ಎರಡನೇ ಪದರ. ಒಂದು ಎಸಳು ಇನ್ನೊಂದರ ಮೇಲೆ ಕೂತ ಕಡೆ, ಕೆಳಗಿನ ಎಸಳಿನ ಮೇಲೆ ಕಡುಗೆಂಪಿನ ಗೆರೆ ಎಳೆಯಿರಿ. ತಕ್ಷಣ ಇನ್ನೊಂದು ಕುಂಚವನ್ನು ಶುದ್ಧ ನೀರಿನಲ್ಲಿ ಅದ್ದಿ, ಒರೆಸಿ, ಗೆರೆಯ ಹೊರಬದಿಯನ್ನು ಮಾತ್ರ ಸವರಿ. ಒಂದು ಅಂಚು ಚೂಪಾಗಿ ಉಳಿದು ಇನ್ನೊಂದು ಕರಗುತ್ತದೆ, ನೆರಳು ಬಿದ್ದಂತಾಗುತ್ತದೆ. ಈ ಒಂದು ಕೌಶಲಕ್ಕೆ ಬೇರೆ ಹಾಳೆಯಲ್ಲಿ ಸಾಕಷ್ಟು ಅಭ್ಯಾಸ ಬೇಕು, ಎರಡು ಕುಂಚ ಒಂದೇ ಕೈಯಲ್ಲಿ ಹಿಡಿದು ಅದಲುಬದಲು ಮಾಡುವುದು ಬೇಗ ರೂಢಿಯಾಗುತ್ತದೆ.

6. ಎಸಳಿನ ನರಗಳನ್ನು ರಿಗ್ಗರ್‌ನಿಂದ ಗಂಟಲಿನಿಂದ ಹೊರಕ್ಕೆ ಎಳೆಯಿರಿ. ಎಲ್ಲವನ್ನೂ ಬೇಡ, ನೆರಳಿನಲ್ಲಿ ಮೂರ್ನಾಲ್ಕು, ಬೆಳಕಿನಲ್ಲಿ ಒಂದೂ ಇಲ್ಲ. ಗೆರೆ ಅಂಚು ಮುಟ್ಟುವ ಮೊದಲೇ ಮರೆಯಾಗಲಿ.

7. ಕೋಲಿಗೆ ತಿಳಿ ಕೆಂಪು, ಒಂದು ಬದಿ ಬಿಳಿ. ಮೇಲರ್ಧದಲ್ಲಿ ಪರಾಗದ ಹಳದಿ ಚುಕ್ಕೆಗಳಿವೆ, ತುದಿಯಲ್ಲಿ ಐದು ಕೆಂಪು ಗುಂಡಿಗಳು. ಜಲವರ್ಣದ ಹಳದಿ ಪಾರದರ್ಶಕ, ಕೆಂಪಿನ ಮೇಲೆ ಇಟ್ಟರೆ ಕಾಣದು. ಚುಕ್ಕೆಗಳ ಜಾಗ ಬಿಳಿ ಬಿಟ್ಟಿದ್ದರೆ ಒಳ್ಳೆಯದು. ಮರೆತಿದ್ದರೆ ಹಳದಿಗೆ ಚೂರು ಬಿಳಿ ಗೌಶ್ (ಕೆಳಗಿನ ಬಣ್ಣವನ್ನು ಮುಚ್ಚುವ, ಪಾರದರ್ಶಕವಲ್ಲದ ಜಲವರ್ಣ) ಬೆರೆಸಿ ಇಡಿ.

ಗುಲಾಬಿ, ಬಿಳಿ ಹೂ

ಗುಲಾಬಿಯ ಎಸಳು ಎಣಿಸಲು ಕೂರಬೇಡಿ. ನಡುವೆ ದಪ್ಪ ಬಣ್ಣದಲ್ಲಿ ಸಣ್ಣ ಸಣ್ಣ ಅರ್ಧಚಂದ್ರಗಳು, ಒಂದರ ಬೆನ್ನಿಗೆ ಇನ್ನೊಂದು, ನಡುನಡುವೆ ಬಿಳಿ. ಹೊರಕ್ಕೆ ಬರುತ್ತಾ ಅರ್ಧಚಂದ್ರ ಅಗಲವಾಗಲಿ, ಬಣ್ಣಕ್ಕೆ ನೀರು ಹೆಚ್ಚಲಿ. ಕೊನೆಯ ಸುತ್ತಿನ ಎಸಳುಗಳು ಬರೀ ಬಣ್ಣದ ನೀರು. ನಡುವಿನ ಕತ್ತಲೆ, ಅಂಚಿನ ಬೆಳಕು ಇಷ್ಟಿದ್ದರೆ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಬಿಳಿ ಹೂವಿಗೆ ಬಿಳಿ ಬಣ್ಣ ಬೇಕಿಲ್ಲ, ಕಾಗದವೇ ಬಿಳಿ. ಬಿಡಿಸಬೇಕಾದ್ದು ಹೂವಿನ ಹಿಂದಿರುವುದನ್ನು. ಎಸಳಿನ ಹೊರಗೆ ಗಾಢ ಹಸಿರು ಇಟ್ಟು, ಆ ಹಸಿರಿನ ಆಚೆಯ ಅಂಚನ್ನು ನೀರಿನಿಂದ ಕರಗಿಸಿದರೆ ಬಿಳಿ ಎಸಳು ಮುಂದಕ್ಕೆ ಬರುತ್ತದೆ. ಎಸಳಿನೊಳಗಿನ ನೆರಳಿಗೆ ಅಲ್ಟ್ರಾಮರೀನ್ ಮತ್ತು ಸಿಯೆನ್ನಾದ ಬೂದು, ನೀರೇ ಹೆಚ್ಚಾಗಿ. ಬುಡದ ಹತ್ತಿರ ಹಳದಿಹಸಿರಿನ ಛಾಯೆ ಕೊಟ್ಟರೆ ಹೂ ತಾಜಾ ಆಗಿ ಕಾಣುತ್ತದೆ. ಹೊಸಬರು ಬೂದು ಜಾಸ್ತಿ ಹಾಕುತ್ತಾರೆ. ಎಸಳಿನ ಅರ್ಧಕ್ಕಿಂತ ಹೆಚ್ಚು ಭಾಗ ಏನೂ ತಾಗದೆ ಉಳಿಯಬೇಕು.

ಎಲೆ, ತೊಟ್ಟು

ಹೂವಿಗೆ ಕೊಟ್ಟ ಗಮನ ಎಲೆಗೆ ಕೊಡದಿದ್ದರೆ ಚಿತ್ರ ಅಲ್ಲೇ ಬೀಳುತ್ತದೆ. ಎಲ್ಲ ಎಲೆಗೂ ಒಂದೇ ಹಸಿರು ಬಳಿಯಬೇಡಿ: ಚಿಗುರು ಹಳದಿಗೆ ವಾಲಲಿ, ಬಲಿತದ್ದು ನೀಲಿಗೆ, ಹಿಂದಿನದು ಬೂದಿಗೆ. ದಾಸವಾಳದಂಥ ನುಣುಪು ಎಲೆ ಆಕಾಶದ ಬೆಳಕನ್ನು ಪ್ರತಿಫಲಿಸುತ್ತದೆ. ಹೊಳೆಯುವ ಜಾಗಕ್ಕೆ ಮೊದಲು ತೀರ ತಿಳಿ ನೀಲಿ ಹಚ್ಚಿ ಒಣಗಿಸಿ, ಉಳಿದ ಕಡೆ ಹಸಿರು ತುಂಬಿ. ನಡುನರವನ್ನು ಕಡು ಗೆರೆಯಾಗಿ ಎಳೆಯುವವರೇ ಹೆಚ್ಚು. ಎಷ್ಟೋ ಎಲೆಗಳಲ್ಲಿ ಅದು ಸುತ್ತಲಿಗಿಂತ ತಿಳಿ. ಎಲೆಯನ್ನು ಎರಡು ಅರ್ಧವಾಗಿ ತುಂಬಿ ನಡುವೆ ಬಿಳಿ ಬಿಡಿ, ಒಣಗಿದ ಮೇಲೆ ಆ ಬಿಳಿಗೆ ತಿಳಿ ಹಳದಿಹಸಿರು ಸವರಿ.

ತೊಟ್ಟನ್ನು ಒಂದೇ ಬೀಸಿಗೆ ಎಳೆಯಿರಿ, ಎಲೆ ಹುಟ್ಟುವಲ್ಲಿ ಅರೆಕ್ಷಣ ನಿಂತು ಒತ್ತಿ. ಗಂಟು ತಾನಾಗಿ ಬರುತ್ತದೆ. ಗೊಂಚಲು ಬಿಡಿಸುವಾಗ ಒಂದು ಹೂ ದೊಡ್ಡದಾಗಿ ಎದುರಿಗೆ, ಒಂದು ಪಕ್ಕಕ್ಕೆ ತಿರುಗಿ, ಒಂದೆರಡು ಮೊಗ್ಗು. ದೊಡ್ಡ ಹೂವನ್ನು ಹಾಳೆಯ ನಟ್ಟನಡುವೆ ಕೂರಿಸಬೇಡಿ.

ಕೆಟ್ಟಾಗ

ಒದ್ದೆಯಿದ್ದಾಗಲೇ ತಪ್ಪು ಕಂಡರೆ ಒರೆಸಿದ ಕುಂಚದಿಂದ ಹೀರಿ, ಟಿಶ್ಯೂವಿನಿಂದ ತಿಕ್ಕಬೇಡಿ, ಒತ್ತಿ ಎತ್ತಿ. ಮಂಕಾದ ಮೇಲೆ ಕಂಡರೆ ಏನೂ ಮಾಡಬೇಡಿ. ಪೂರ್ತಿ ಒಣಗಿದ ಮೇಲೆ ಕಲೆಯ ಅಂಚನ್ನು ಒದ್ದೆ ಕುಂಚದಿಂದ ಮೆಲ್ಲಗೆ ಸವರಿ, ಟಿಶ್ಯೂ ಒತ್ತಿ. ಗಟ್ಟಿ ಗೆರೆ ಮೆತ್ತಗಾಗುತ್ತದೆ. ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿಯುವವರು, ನೀರು ನಿಂತಿರುವಾಗ ಹಿಡಿದರೆ ಗಾಳಿ ಬಣ್ಣವನ್ನು ಆಚೆ ತಳ್ಳುತ್ತದೆಂಬುದನ್ನು ಮರೆಯಬಾರದು. ಎಸಳಿನೊಳಗೆ ಬಿದ್ದ ಸುಕ್ಕು ಅಂಚಿನ ಕಲೆ ಕೆಲವೊಮ್ಮೆ ಮಡಿಕೆಯಂತೆಯೇ ಇರುತ್ತದೆ. ಅಂಥದ್ದನ್ನು ಹಾಗೇ ಬಿಡುವುದು ಜಾಣತನ.

ಒಂದೇ ಜಾಗದಲ್ಲಿ ಮೂರನೇ ಪದರಕ್ಕೆ ಕೈ ಹೋದಾಗಲೆಲ್ಲ ಹಲಗೆಯನ್ನು ದೂರ ಗೋಡೆಗೆ ಒರಗಿಸಿ ನೋಡಿ. ಎದುರಿನಿಂದ ಕೊರತೆಯೆನಿಸಿದ್ದು ದೂರದಿಂದ ಸಾಕೆನಿಸುವುದೇ ಹೆಚ್ಚು.

ಒಣಗಿದ ಮೇಲೆ

ಟೇಪನ್ನು ಚಿತ್ರದಿಂದ ಹೊರದಿಕ್ಕಿಗೆ, ಓರೆಯಾಗಿ, ನಿಧಾನವಾಗಿ ಕೀಳಿ. ಕಾಗದ ಸುರುಳಿಗಟ್ಟಿದ್ದರೆ ಹಿಂಬದಿಗೆ ತೇವದ ಬಟ್ಟೆ ಹಗುರವಾಗಿ ಸವರಿ, ಎರಡು ಶುಭ್ರ ಹಾಳೆಗಳ ನಡುವಿಟ್ಟು ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ಗೋಡೆಗೆ ಹಾಕುವುದಿದ್ದರೆ ಗಾಜಿನ ಚೌಕಟ್ಟು ಬೇಕು, ನೇರ ಬಿಸಿಲು ಬೀಳುವ ಗೋಡೆ ಬೇಡ. ನಿಮ್ಮ ಬಣ್ಣಗಳಲ್ಲಿ ಯಾವುದು ಬಾಡುತ್ತದೆಂದು ಮನೆಯಲ್ಲೇ ಪರೀಕ್ಷಿಸಬಹುದು: ಒಂದು ಪಟ್ಟಿ ಕಾಗದದ ಮೇಲೆ ಪ್ರತಿ ಬಣ್ಣದ ಗೆರೆಯೆಳೆದು ಹೆಸರು, ತಾರೀಖು ಬರೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲಿನ ಕಿಟಕಿಗೆ ಅಂಟಿಸಿ. ಕೆಲವು ತಿಂಗಳ ನಂತರ ರಟ್ಟು ತೆಗೆದು ಎರಡೂ ಅರ್ಧ ಹೋಲಿಸಿ ನೋಡಿ, ಸಪ್ಪೆಯಾದ ಟ್ಯೂಬನ್ನು ಅಭ್ಯಾಸದ ಹಾಳೆಗೆ ಮಾತ್ರ ಇಟ್ಟುಕೊಳ್ಳಿ.